ಪ್ರಶ್ನೆ ಕೇಳಿದ ಹೆಣ್ಣುಮಕ್ಕಳು: ಇಸ್ಲಾಮಿನ ಮೊದಲ ದಿನಗಳ ಮನೆ ಮತ್ತು ಸಂಸಾರ

– ಹಳೆಯ ವಿದ್ಯಾರ್ಥಿ, ಬಿ.ಇ., ಸಾಫ್ಟ್‌ವೇರ್ ಎಂಜಿನಿಯರ್

ಹೈಸ್ಕೂಲಿನ ಸಮಾಜ ವಿಜ್ಞಾನದ ಪುಸ್ತಕದಲ್ಲಿ ಇಸ್ಲಾಂ ಧರ್ಮದ ಉದಯದ ಪಾಠವನ್ನು ನಾವೆಲ್ಲ ಓದಿದ್ದೇವೆ. ಕ್ರಿ.ಶ. 570ರ ಸುಮಾರಿಗೆ ಮೆಕ್ಕಾದಲ್ಲಿ ಪ್ರವಾದಿ ಮುಹಮ್ಮದರ ಜನನ, 622ರಲ್ಲಿ ಮದೀನಾಕ್ಕೆ ವಲಸೆ, 632ರಲ್ಲಿ ನಿಧನ, ನಂತರ ಒಬ್ಬರಾದ ಮೇಲೊಬ್ಬರು ಖಲೀಫರು. ಇಸವಿಗಳನ್ನು ಬಾಯಿಪಾಠ ಮಾಡಿಕೊಂಡರೆ ಪರೀಕ್ಷೆಗೆ ಸಾಕಾಗುತ್ತಿತ್ತು. ಆದರೆ ಆ ಇಸವಿಗಳ ನಡುವೆ ಜನ ಹೇಗೆ ಬದುಕಿದರು? ಮನೆಯಲ್ಲಿ ರೊಟ್ಟಿ ಸುಟ್ಟವರು ಯಾರು, ನೀರು ಹೊತ್ತವರು ಯಾರು, ಗಂಡ ಸತ್ತರೆ ಹೆಂಡತಿಗೆ ಏನು ಸಿಗುತ್ತಿತ್ತು? ಇಂಥ ಪ್ರಶ್ನೆಗಳಿಗೆ ಪಠ್ಯಪುಸ್ತಕದ ಎರಡು ಪುಟಗಳಲ್ಲಿ ಜಾಗ ಇರುವುದಿಲ್ಲ. ಈ ಸುವರ್ಣ ಮಹೋತ್ಸವದ ಸಂಚಿಕೆಯಲ್ಲಿ ಆ ಬಿಟ್ಟುಹೋದ ಭಾಗವನ್ನು ಸ್ವಲ್ಪ ತುಂಬುವ ಪ್ರಯತ್ನ ನನ್ನದು.

ಈ ಚರಿತ್ರೆ ನಮಗೆ ತಿಳಿಯುವುದು ಎರಡು ಬಗೆಯ ಆಧಾರಗಳಿಂದ. ಮೊದಲನೆಯದು ಕುರಾನ್. ಎರಡನೆಯದು ಹದೀಸ್‌ಗಳು ಮತ್ತು ಜೀವನ ಚರಿತ್ರೆಗಳು, ಅಂದರೆ ಪ್ರವಾದಿಗಳ ಮತ್ತು ಅವರ ಸಂಗಡಿಗರ ಮಾತು, ನಡೆಗಳ ವರದಿಗಳು. ಇವು ನೂರು, ಇನ್ನೂರು ವರ್ಷಗಳ ನಂತರ ಗ್ರಂಥರೂಪಕ್ಕೆ ಬಂದವು. ಪ್ರತಿಯೊಂದು ವರದಿಯ ಮೊದಲು ಇದನ್ನು ನನಗೆ ಇಂಥವರು ಹೇಳಿದರು, ಅವರಿಗೆ ಇಂಥವರು ಹೇಳಿದರು ಎಂಬ ಹೆಸರುಗಳ ಸರಪಳಿ ಇರುತ್ತದೆ. ಸಾಫ್ಟ್‌ವೇರ್ ಕೆಲಸದಲ್ಲಿ ಯಾವ ಸಾಲನ್ನು ಯಾರು ಬರೆದರು, ಯಾರು ತಿದ್ದಿದರು ಎಂದು ದಾಖಲೆ ಇಡುತ್ತೇವಲ್ಲ, ಹೆಚ್ಚುಕಡಿಮೆ ಅದೇ ರೀತಿ. ಆ ಸರಪಳಿಗಳಲ್ಲಿ ಹೆಣ್ಣುಮಕ್ಕಳ ಹೆಸರುಗಳೂ ಇವೆ. ಒಂಬತ್ತನೇ ಶತಮಾನದ ಇಬ್ನ್ ಸಾದ್ ಎಂಬ ಬಾಗ್ದಾದಿನ ಲೇಖಕ ತನ್ನ ದೊಡ್ಡ ಚರಿತ್ರೆ ಗ್ರಂಥದ ಕೊನೆಯ ಸಂಪುಟವನ್ನು ಹೆಂಗಸರಿಗಾಗಿಯೇ ಮೀಸಲಿಟ್ಟ.

ಈ ವರದಿಗಳನ್ನು ಓದುತ್ತ ಹೋದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಆ ಕಾಲದ ಕುಟುಂಬ ನಿಯಮಗಳಲ್ಲಿ ಹಲವು, ಯಾರೋ ಒಬ್ಬ ಹೆಣ್ಣುಮಗಳು ಎದ್ದು ನಿಂತು ನನ್ನ ಗತಿ ಏನು ಎಂದು ಕೇಳಿದ ಮೇಲೆ ಬಂದವು.

ಮೆಕ್ಕಾದ ವ್ಯಾಪಾರಸ್ಥೆ

ಮೆಕ್ಕಾ ಬೆಳೆ ಬೆಳೆಯುವ ಊರಲ್ಲ. ಸುತ್ತ ಕಲ್ಲುಗುಡ್ಡ, ನಡುವೆ ಕಾಬಾ, ಬದುಕಿಗೆ ವ್ಯಾಪಾರ. ಕುರೈಷ್ ಕುಲದವರ ಒಂಟೆಗಳ ಸಾಲು ಉತ್ತರಕ್ಕೆ ಸಿರಿಯಾದವರೆಗೆ, ದಕ್ಷಿಣಕ್ಕೆ ಯೆಮನ್‌ವರೆಗೆ ಹೋಗಿ ಬರುತ್ತಿತ್ತು. ಆ ವ್ಯಾಪಾರಿಗಳಲ್ಲಿ ಖದೀಜಾ ಎಂಬ ಶ್ರೀಮಂತ ವಿಧವೆ ಒಬ್ಬರು. ತಾವೇ ಬಂಡವಾಳ ಹಾಕಿ, ಲಾಭದಲ್ಲಿ ಪಾಲು ಕೊಟ್ಟು, ನಂಬಿಕಸ್ಥ ಗಂಡಸರನ್ನು ಸರಕಿನ ಜೊತೆ ಕಳಿಸುತ್ತಿದ್ದರು. ಹಾಗೆ ಒಮ್ಮೆ ಸಿರಿಯಾಕ್ಕೆ ಕಳಿಸಿದ್ದು ಮುಹಮ್ಮದ್ ಎಂಬ ಯುವಕನನ್ನು. ಲೆಕ್ಕದಲ್ಲಿ ಅವರ ಪ್ರಾಮಾಣಿಕತೆ ಕಂಡು ಮದುವೆಯ ಪ್ರಸ್ತಾಪವನ್ನು ಖದೀಜಾ ಅವರೇ ಇಟ್ಟರು ಎಂದು ಜೀವನ ಚರಿತ್ರೆಗಳು ಹೇಳುತ್ತವೆ. ಪರಂಪರೆಯ ಲೆಕ್ಕದಂತೆ ಆಗ ಹೆಣ್ಣಿಗೆ 40, ಗಂಡಿಗೆ 25 ವರ್ಷ.

ಕ್ರಿ.ಶ. 610ರಲ್ಲಿ ಹಿರಾ ಗುಹೆಯಲ್ಲಿ ಮೊದಲ ದಿವ್ಯವಾಣಿ ಬಂದಾಗ ಮುಹಮ್ಮದರು ನಡುಗುತ್ತ ಮನೆಗೆ ಬಂದರು. ನನಗೆ ಹೊದಿಸಿ ಎಂದರು. ಹೊದಿಸಿ, ಸಮಾಧಾನ ಹೇಳಿದವರು ಖದೀಜಾ. ನೀವು ನೆಂಟರನ್ನು ನೋಡಿಕೊಳ್ಳುವವರು, ಬಡವರ ಹೊರೆ ಹೊರುವವರು, ನಿಮ್ಮ ಕೈಯನ್ನು ದೇವರು ಬಿಡುವುದಿಲ್ಲ ಎಂಬ ಅರ್ಥದ ಮಾತು ಹೇಳಿ, ಶಾಸ್ತ್ರ ಬಲ್ಲ ತಮ್ಮ ಬಂಧು ವರಕಾ ಬಳಿಗೆ ಕರೆದುಕೊಂಡು ಹೋದರು. ಮುಹಮ್ಮದರನ್ನು ಮೊದಲು ನಂಬಿದವರು ಖದೀಜಾ. ಹಾಗಾಗಿ ಇಸ್ಲಾಮಿನ ಚರಿತ್ರೆ ಶುರುವಾಗುವುದು ಒಂದು ಮನೆಯ ಒಳಗೆ, ಗಂಡ ಹೆಂಡಿರ ನಡುವಿನ ವಿಶ್ವಾಸದಿಂದ. 619ರಲ್ಲಿ ಅವರು ತೀರಿಕೊಂಡರು. ಅದೇ ವರ್ಷ ಸಾಕಿದ ದೊಡ್ಡಪ್ಪ ಅಬೂ ತಾಲಿಬರೂ ತೀರಿಕೊಂಡಿದ್ದರಿಂದ ಅದಕ್ಕೆ ದುಃಖದ ವರ್ಷ ಎಂಬ ಹೆಸರೇ ಉಳಿಯಿತು. ಅವರು ಬದುಕಿರುವ ತನಕ ಪ್ರವಾದಿಗಳು ಇನ್ನೊಂದು ಮದುವೆ ಆಗಲಿಲ್ಲ.

ಖದೀಜಾರಂಥವರು ಇದ್ದರು ಎಂದಮಾತ್ರಕ್ಕೆ ಆ ಸಮಾಜದ ಹೆಣ್ಣುಮಕ್ಕಳೆಲ್ಲ ಸುಖವಾಗಿದ್ದರು ಎಂದಲ್ಲ. ಕೆಲವು ಬುಡಕಟ್ಟುಗಳಲ್ಲಿ ಹುಟ್ಟಿದ ಹೆಣ್ಣುಮಗುವನ್ನು ಜೀವಂತ ಹೂಳುವ ಪದ್ಧತಿ ಇತ್ತು. ಹೆಣ್ಣು ಹುಟ್ಟಿತು ಎಂದು ಕೇಳಿ ಮುಖ ಕಪ್ಪಿಟ್ಟುಕೊಳ್ಳುವ ಅಪ್ಪಂದಿರನ್ನು ಕುರಾನ್ ಖಂಡಿಸುತ್ತದೆ. ಕೊನೆಯ ತೀರ್ಪಿನ ದಿನ ಹೂಳಲ್ಪಟ್ಟ ಆ ಮಗುವನ್ನೇ ನಿನ್ನನ್ನು ಯಾವ ತಪ್ಪಿಗೆ ಕೊಂದರು ಎಂದು ಕೇಳಲಾಗುವುದು ಎನ್ನುತ್ತದೆ. ಮಾತು ಬಾರದ ಮಗುವಿಗೂ ಅಲ್ಲಿ ಸಾಕ್ಷಿ ಹೇಳುವ ಅವಕಾಶ ಇದೆ.

ಹರಿದುಹೋದ ಸಂಸಾರಗಳು

ಹೊಸ ಧರ್ಮ ಸೇರಿದವರಿಗೆ ಮೆಕ್ಕಾದಲ್ಲಿ ಕಿರುಕುಳ ಶುರುವಾಯಿತು. ಪರಂಪರೆಯ ಪ್ರಕಾರ ಇಸ್ಲಾಮಿಗಾಗಿ ಪ್ರಾಣ ಕೊಟ್ಟವರಲ್ಲಿ ಮೊದಲಿಗರು ಸುಮಯ್ಯಾ ಎಂಬ ದಾಸಿ. ಬೆನ್ನಿಗೆ ನಿಲ್ಲಲು ಬಲವಾದ ಕುಲ ಇಲ್ಲದವರ ಮೇಲೆ ಹಿಂಸೆ ಹೆಚ್ಚು.

ಉಮ್ಮು ಸಲಮಾ ಅವರ ಕಥೆ ಇನ್ನೊಂದು ಬಗೆಯದು. ಗಂಡ, ಹೆಂಡತಿ, ಕೂಸು ಮೂವರೂ ಒಂಟೆ ಹತ್ತಿ ಮದೀನಾಕ್ಕೆ ಹೊರಟಿದ್ದರು. ದಾರಿಗೆ ಅಡ್ಡ ಬಂದ ತವರಿನವರು, ನೀನು ಬೇಕಾದರೆ ಹೋಗು, ನಮ್ಮ ಮಗಳನ್ನು ಕಳಿಸುವುದಿಲ್ಲ ಎಂದು ಅವರನ್ನು ಇಳಿಸಿಕೊಂಡರು. ಅದಕ್ಕೆ ಸಿಟ್ಟಾದ ಗಂಡನ ಕಡೆಯವರು ಮಗು ನಮ್ಮ ಕುಲದ್ದು ಎಂದು ಕೂಸನ್ನು ಎಳೆದುಕೊಂಡು ಹೋದರು. ಗಂಡ ಮದೀನಾದಲ್ಲಿ, ಮಗು ಒಂದು ಮನೆಯಲ್ಲಿ, ತಾಯಿ ಇನ್ನೊಂದು ಮನೆಯಲ್ಲಿ. ಸುಮಾರು ಒಂದು ವರ್ಷ ಆ ತಾಯಿ ದಿನವೂ ಊರ ಹೊರಗೆ ಹೋಗಿ ಕುಳಿತು ಸಂಜೆಯವರೆಗೆ ಅಳುತ್ತಿದ್ದರಂತೆ. ಕೊನೆಗೆ ಬಂಧುವೊಬ್ಬರ ಮನಸ್ಸು ಕರಗಿ ಬಿಡುಗಡೆ ಸಿಕ್ಕಿತು, ಮಗುವೂ ಮರಳಿ ಬಂತು. ಕೂಸನ್ನು ಮಡಿಲಲ್ಲಿಟ್ಟುಕೊಂಡು ಒಬ್ಬರೇ ಒಂಟೆ ಏರಿ ನಾನೂರು ಕಿಲೋಮೀಟರಿಗೂ ಹೆಚ್ಚಿನ ಮರುಭೂಮಿಯ ದಾರಿಗೆ ಹೊರಟರು. ದಾರಿಯಲ್ಲಿ ಸಿಕ್ಕ ಉಸ್ಮಾನ್ ಇಬ್ನ್ ತಲ್ಹಾ ಎಂಬವರು ಮರ್ಯಾದೆಯಿಂದ ಮದೀನಾದ ಅಂಚಿನವರೆಗೆ ತಲುಪಿಸಿ ಹಿಂದಿರುಗಿದರು. ಅವರು ಆಗಿನ್ನೂ ಮುಸ್ಲಿಮರಾಗಿರಲಿಲ್ಲ. ಹೊಸ ಧರ್ಮದ ಚರಿತ್ರೆಕಾರರು ಆ ಸಜ್ಜನಿಕೆಯನ್ನು ಮರೆಯದೆ ದಾಖಲಿಸಿದ್ದಾರೆ.

ಮದೀನಾದ ಒಲೆ

ಮದೀನಾ ಖರ್ಜೂರದ ತೋಟಗಳ ಊರು. ಬರಿಗೈಯಲ್ಲಿ ಬಂದ ಮೆಕ್ಕಾದವರಿಗೆ ಅಲ್ಲಿನ ಅನ್ಸಾರಿಗಳು ಆಸರೆ ಕೊಟ್ಟರು. ಸಂಸಾರ ನಡೆಸುವುದು ಸುಲಭವಿರಲಿಲ್ಲ. ಅಬೂಬಕರರ ಮಗಳು ಅಸ್ಮಾ ತಮ್ಮ ಹೊಸ ಸಂಸಾರದ ಬಗ್ಗೆ ಹೇಳಿಕೊಂಡ ವರದಿಯನ್ನು ಓದಿದರೆ ನಮ್ಮ ಹಳ್ಳಿಯ ಹಿರಿಯ ಹೆಂಗಸರ ಮಾತು ಕೇಳಿದಂತೆ ಇರುತ್ತದೆ. ಗಂಡ ಝುಬೈರ್‌ಗೆ ಒಂದು ಕುದುರೆ, ನೀರು ತರುವ ಒಂದು ಒಂಟೆ ಬಿಟ್ಟರೆ ಆಸ್ತಿ ಇಲ್ಲ. ಕುದುರೆಗೆ ಮೇವು ಹಾಕುವುದು, ನೀರು ಸೇದುವುದು, ಚರ್ಮದ ಬಾನಿ ಹೊಲಿಯುವುದು, ಹಿಟ್ಟು ನಾದುವುದು ಎಲ್ಲ ಅಸ್ಮಾರ ಕೆಲಸ. ರೊಟ್ಟಿ ಮಾತ್ರ ಚೆನ್ನಾಗಿ ಬರುತ್ತಿರಲಿಲ್ಲ. ನೆರೆಮನೆಯ ಅನ್ಸಾರಿ ಹೆಂಗಸರು ಸುಟ್ಟುಕೊಡುತ್ತಿದ್ದರು. ಅವರು ಒಳ್ಳೆಯ ಹೆಂಗಸರು ಎಂದು ಅಸ್ಮಾ ನೆನೆಯುತ್ತಾರೆ. ಮೂರು ಕಿಲೋಮೀಟರಿಗೂ ದೂರದ ಜಮೀನಿನಿಂದ ಖರ್ಜೂರದ ಬೀಜಗಳನ್ನು ತಲೆಯ ಮೇಲೆ ಹೊತ್ತು ತರಬೇಕಿತ್ತು, ಪಶುಗಳ ಮೇವಿಗೆ. ಕೊನೆಗೆ ತಂದೆ ಒಬ್ಬ ಕೆಲಸದ ಆಳನ್ನು ಕಳಿಸಿಕೊಟ್ಟಾಗ ಜೀತದಿಂದ ಬಿಡುಗಡೆ ಆದಂತಾಯಿತು ಎನ್ನುತ್ತಾರೆ. ಮುಂದೆ ಖಲೀಫರಾದವರ ಮಗಳ ಮಾತಿದು.

ಪ್ರವಾದಿಗಳ ಮನೆಯಲ್ಲೂ ಸಿರಿತನ ಇರಲಿಲ್ಲ. ಮಸೀದಿಗೆ ತಾಗಿದಂತೆ ಚಿಕ್ಕ ಚಿಕ್ಕ ಕೋಣೆಗಳು. ಎರಡು ತಿಂಗಳು ಒಲೆ ಹೊತ್ತದೆ ಖರ್ಜೂರ ಮತ್ತು ನೀರಿನಲ್ಲಿ ದಿನ ಕಳೆದದ್ದನ್ನು ಅವರ ಪತ್ನಿ ಆಯಿಷಾ ತಮ್ಮ ಸೋದರಿಯ ಮಗನಿಗೆ ಹೇಳಿದ್ದಾರೆ. ಮನೆಯಲ್ಲಿದ್ದಾಗ ಪ್ರವಾದಿಗಳು ಏನು ಮಾಡುತ್ತಿದ್ದರು ಎಂದು ಯಾರೋ ಕೇಳಿದ್ದಕ್ಕೆ, ಮನೆಯವರ ಕೆಲಸದಲ್ಲಿ ಕೈಜೋಡಿಸುತ್ತಿದ್ದರು, ಪ್ರಾರ್ಥನೆಯ ಹೊತ್ತಾದರೆ ಎದ್ದು ಹೋಗುತ್ತಿದ್ದರು ಎಂದು ಅವರೇ ಉತ್ತರಿಸಿದ್ದಾರೆ.

ಗಂಡನ ಮೇಲೆ ದೂರು

ಈಗ ಪ್ರಶ್ನೆಗಳಿಗೆ ಬರೋಣ. ಖೌಲಾ ಎಂಬ ಹೆಂಗಸಿನ ಗಂಡ ಸಿಟ್ಟಿನಲ್ಲಿ, ನೀನು ನನಗೆ ತಾಯಿ ಸಮಾನ ಎಂಬರ್ಥದ ಮಾತೊಂದನ್ನು ಆಡಿಬಿಟ್ಟ. ಕೇಳಲು ಗೌರವದ ಮಾತಿನಂತೆ ಇದ್ದರೂ ಅರಬರ ಹಳೆಯ ಪದ್ಧತಿಯಲ್ಲಿ ಅದು ಕ್ರೂರವಾದ ಮಾತು. ಅಲ್ಲಿಗೆ ದಾಂಪತ್ಯ ಮುಗಿಯಿತು. ಆದರೆ ಹೆಂಡತಿಗೆ ಬಿಡುಗಡೆಯೂ ಇಲ್ಲ, ಬೇರೆ ಮದುವೆಯೂ ಇಲ್ಲ. ಖೌಲಾ ನೇರ ಪ್ರವಾದಿಗಳ ಬಳಿ ಬಂದು ವಾದಕ್ಕೆ ನಿಂತರು. ನನ್ನ ಪ್ರಾಯವೆಲ್ಲ ಇವನ ಮನೆಯಲ್ಲಿ ಸವೆಯಿತು, ಮಕ್ಕಳನ್ನು ಹೆತ್ತೆ, ಈಗ ಹೀಗೆ ಅಂದರೆ ನಾನೆಲ್ಲಿ ಹೋಗಲಿ ಎಂಬುದು ಅವರ ಅಳಲು. ಒಮ್ಮೆ ಇಲ್ಲ ಎಂದರೂ ಬಿಡಲಿಲ್ಲ, ದೇವರಿಗೇ ಮೊರೆಯಿಟ್ಟರು. ಆಗ ಬಂದದ್ದು ಕುರಾನಿನ 58ನೇ ಅಧ್ಯಾಯದ ಮೊದಲ ವಚನಗಳು. ಆ ಮಾತಿನಿಂದ ಹೆಂಡತಿ ತಾಯಿಯಾಗುವುದಿಲ್ಲ, ಆಡಿದವನೇ ಪ್ರಾಯಶ್ಚಿತ್ತ ಮಾಡಿಕೊಳ್ಳಬೇಕು. ಒಬ್ಬ ಗುಲಾಮನನ್ನು ಬಿಡುಗಡೆ ಮಾಡಬೇಕು, ಆಗದಿದ್ದರೆ ಎರಡು ತಿಂಗಳು ಸತತ ಉಪವಾಸ, ಅದೂ ಆಗದಿದ್ದರೆ 60 ಬಡವರಿಗೆ ಊಟ. ಆ ಅಧ್ಯಾಯದ ಹೆಸರು ಅಲ್ ಮುಜಾದಲಾ. ವಾದಿಸುವವಳು ಎಂಬ ಅರ್ಥದಲ್ಲಿ ಅಲ್ ಮುಜಾದಿಲಾ ಎಂದೂ ಓದುತ್ತಾರೆ.

ಇನ್ನೊಬ್ಬರು ಸಾಬಿತ್ ಇಬ್ನ್ ಕೈಸ್ ಎಂಬವರ ಪತ್ನಿ. ಗಂಡನ ನಡತೆಯಲ್ಲಾಗಲಿ ಧರ್ಮದಲ್ಲಾಗಲಿ ಕುಂದು ಹೇಳುವುದಿಲ್ಲ, ಆದರೆ ಅವನ ಜೊತೆ ಬಾಳಲು ನನ್ನಿಂದ ಆಗದು ಎಂದರು. ಮೆಹರ್ ಆಗಿ ಕೊಟ್ಟ ತೋಟ ಹಿಂದಿರುಗಿಸುತ್ತೀಯಾ ಎಂದು ಪ್ರವಾದಿಗಳು ಕೇಳಿದರು. ಆಕೆ ಒಪ್ಪಿದರು, ಬಿಡುಗಡೆ ಸಿಕ್ಕಿತು. ಹೆಣ್ಣೇ ಮುಂದಾಗಿ ಬಿಡುಗಡೆ ಕೇಳುವ ಖುಲಾ ಪದ್ಧತಿಗೆ ಇಂದಿಗೂ ಆಧಾರವಾಗಿ ಹೇಳುವುದು ಈ ಪ್ರಸಂಗವನ್ನೇ.

ಬರೀರಾ ಎಂಬ ದಾಸಿಯ ಕಥೆ ನನಗೆ ಎಲ್ಲಕ್ಕಿಂತ ಹೆಚ್ಚು ಹಿಡಿಸಿತು. ಆಯಿಷಾ ಅವರು ಬರೀರಾರನ್ನು ಕೊಂಡು ಸ್ವತಂತ್ರಗೊಳಿಸಿದರು. ಗಂಡ ಮುಗೀಸ್ ಗುಲಾಮನಾಗಿದ್ದ. ಸ್ವತಂತ್ರಳಾದವಳಿಗೆ ಆ ಮದುವೆಯಲ್ಲಿ ಉಳಿಯುವ ಅಥವಾ ಬಿಡುವ ಆಯ್ಕೆ ಇತ್ತು, ಬರೀರಾ ಬಿಡಲು ತೀರ್ಮಾನಿಸಿದರು. ಮುಗೀಸ್ ಗಡ್ಡ ತೋಯುವಂತೆ ಅಳುತ್ತ ಮದೀನಾದ ಬೀದಿಗಳಲ್ಲಿ ಅವರ ಹಿಂದೆ ಹಿಂದೆ ತಿರುಗುತ್ತಿದ್ದ. ನೋಡಲಾರದೆ ಪ್ರವಾದಿಗಳೇ ಬರೀರಾಗೆ, ಮತ್ತೆ ಅವನೊಡನೆ ಕೂಡಿಕೊಳ್ಳಬಾರದೇ ಎಂದರು. ಇದು ನಿಮ್ಮ ಅಪ್ಪಣೆಯೋ ಎಂದು ಬರೀರಾ ಕೇಳಿದರು. ಅಲ್ಲ, ಅವನ ಪರವಾಗಿ ಕೇಳುತ್ತಿದ್ದೇನೆ ಅಷ್ಟೆ ಎಂದರು ಪ್ರವಾದಿಗಳು. ಹಾಗಾದರೆ ಅವನು ನನಗೆ ಬೇಡ ಎಂದರು ಬರೀರಾ. ಮಾತು ಅಲ್ಲಿಗೆ ಮುಗಿಯಿತು. ನಿನ್ನೆ ಮೊನ್ನೆಯವರೆಗೆ ದಾಸಿಯಾಗಿದ್ದ ಹೆಂಗಸು ಅಪ್ಪಣೆಗೂ ಸಲಹೆಗೂ ಇರುವ ವ್ಯತ್ಯಾಸವನ್ನು ಪ್ರವಾದಿಗಳ ಬಾಯಿಂದಲೇ ಕೇಳಿ ತಿಳಿದುಕೊಂಡು, ಸಲಹೆಯನ್ನು ಬೇಡ ಎಂದರು. ಅದಕ್ಕಾಗಿ ಅವರನ್ನು ಯಾರೂ ಶಿಕ್ಷಿಸಲಿಲ್ಲ.

ಇಪ್ಪತ್ತನಾಲ್ಕರಲ್ಲಿ ಎಷ್ಟು ಪಾಲು?

625ರ ಉಹುದ್ ಯುದ್ಧದಲ್ಲಿ ಸುಮಾರು 70 ಮುಸ್ಲಿಮರು ಸತ್ತರು. ಅನೇಕ ಹೆಂಗಸರು ವಿಧವೆಯರಾದರು, ಮಕ್ಕಳು ತಬ್ಬಲಿಗಳಾದರು. ಸತ್ತವರಲ್ಲಿ ಸಾದ್ ಇಬ್ನ್ ರಬೀ ಒಬ್ಬರು. ಅವರ ಸಹೋದರ ಹಳೆಯ ಪದ್ಧತಿಯಂತೆ ಆಸ್ತಿಯನ್ನೆಲ್ಲ ತಾನೇ ತೆಗೆದುಕೊಂಡ. ಸಾದರ ಹೆಂಡತಿ ಇಬ್ಬರು ಹೆಣ್ಣುಮಕ್ಕಳನ್ನು ಕರೆದುಕೊಂಡು ಪ್ರವಾದಿಗಳ ಬಳಿ ಬಂದರು. ಇವರ ತಂದೆ ನಿಮ್ಮ ಜೊತೆ ಹೋರಾಡಿ ಸತ್ತರು, ಇವರ ಚಿಕ್ಕಪ್ಪ ಏನೂ ಉಳಿಸಿಲ್ಲ, ಕೈಯಲ್ಲಿ ಏನೂ ಇಲ್ಲದೆ ಇವರ ಮದುವೆ ಹೇಗೆ ಆದೀತು ಎಂದು ಕೇಳಿದರು. ಆಮೇಲೆ ಬಂದವು ಕುರಾನಿನ ಉತ್ತರಾಧಿಕಾರದ ವಚನಗಳು. ಅದರಂತೆ ಹೆಣ್ಣುಮಕ್ಕಳಿಬ್ಬರಿಗೆ ಸೇರಿ ಮೂರರಲ್ಲಿ ಎರಡು ಪಾಲು, ಹೆಂಡತಿಗೆ ಎಂಟರಲ್ಲಿ ಒಂದು ಪಾಲು, ಉಳಿದದ್ದು ಸಹೋದರನಿಗೆ ಎಂದು ತೀರ್ಮಾನವಾಯಿತು. ಲಸಾಅ ತೆಗೆದು ನೋಡಿ: ಆಸ್ತಿಯನ್ನು 24 ಭಾಗ ಮಾಡಿದರೆ ಹೆಣ್ಣುಮಕ್ಕಳಿಗೆ 16, ತಾಯಿಗೆ 3, ಎಲ್ಲವನ್ನೂ ಬಾಚಿಕೊಂಡಿದ್ದ ಚಿಕ್ಕಪ್ಪನಿಗೆ 5.

ಈ ಪಾಲಿನ ಲೆಕ್ಕ ಗಣಿತಕ್ಕೂ ದೊಡ್ಡ ಉಪಕಾರ ಮಾಡಿತು. ಒಂಬತ್ತನೇ ಶತಮಾನದಲ್ಲಿ ಬಾಗ್ದಾದಿನ ಅಲ್ ಖ್ವಾರಿಜ್ಮಿ ಬರೆದ ಬೀಜಗಣಿತದ ಪುಸ್ತಕದಲ್ಲಿ ದೊಡ್ಡದೊಂದು ಭಾಗ ಉಯಿಲು ಮತ್ತು ಆಸ್ತಿ ಹಂಚಿಕೆಯ ಲೆಕ್ಕಗಳೇ. ಆ ಪುಸ್ತಕದ ಹೆಸರಿನಿಂದ ಆಲ್ಜೀಬ್ರಾ ಎಂಬ ಪದ ಬಂತು. ಲೇಖಕನ ಹೆಸರಿನಿಂದ ಅಲ್ಗಾರಿದಮ್ ಎಂಬ ಪದ ಬಂತು. ನನ್ನಂಥವರ ಹೊಟ್ಟೆಪಾಡು ನಡೆಯುವುದೇ ಆ ಎರಡನೆಯ ಪದದಿಂದ.

ಮಗನಿಗೆ ಎರಡು ಪಾಲಾದರೆ ಮಗಳಿಗೆ ಒಂದು ಎಂಬುದು ಅಲ್ಲಿನ ಸಾಮಾನ್ಯ ನಿಯಮ. ಇದು ಸಮಾನತೆ ಅಲ್ಲ ಎಂದು ಇಂದು ನಾವು ಹೇಳಬಹುದು, ಹೇಳಬೇಕು ಕೂಡ. ಆದರೆ ಕಾಲ ನೋಡಿದರೆ ಅದರ ತೂಕ ತಿಳಿಯುತ್ತದೆ. ಇಂಗ್ಲೆಂಡಿನಲ್ಲಿ ಮದುವೆಯಾದ ಹೆಣ್ಣು ತನ್ನ ಆಸ್ತಿಯನ್ನು ಪೂರ್ತಿ ತನ್ನ ಹೆಸರಿನಲ್ಲೇ ಇಟ್ಟುಕೊಳ್ಳುವ ಕಾನೂನು ಬಂದದ್ದು 1882ರಲ್ಲಿ. ನಮ್ಮ ಕರ್ನಾಟಕದಲ್ಲಿ ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೆ ಹುಟ್ಟಿನಿಂದಲೇ ಹಕ್ಕು ಸಿಕ್ಕಿದ್ದು 1994ರಲ್ಲಿ, ದೇಶಕ್ಕೆಲ್ಲ ಅನ್ವಯವಾದದ್ದು 2005ರಲ್ಲಿ.

ಕಲಿಯುವ ದಿನ ನಮಗೂ ಬೇಕು

ಶಾಲೆಯ ಸಂಚಿಕೆಯಲ್ಲಿ ಹೇಳಲೇಬೇಕಾದ ಭಾಗ ಇದು. ಮದೀನಾದ ಹೆಂಗಸರು ಒಮ್ಮೆ ಪ್ರವಾದಿಗಳ ಬಳಿ, ಗಂಡಸರೇ ನಿಮ್ಮನ್ನು ಸದಾ ಸುತ್ತುವರಿದಿರುತ್ತಾರೆ, ನಮಗೆ ಕಲಿಸಲು ಒಂದು ದಿನ ಗೊತ್ತುಮಾಡಿ ಎಂದು ಕೇಳಿದರು. ಅವರು ಒಪ್ಪಿ ದಿನ ಗೊತ್ತುಮಾಡಿದರು. ಓದು ಬರಹ ಬಲ್ಲವರು ಬೆರಳೆಣಿಕೆಯಷ್ಟಿದ್ದ ಆ ಸಮಾಜದಲ್ಲಿ ಶಿಫಾ ಎಂಬ ಅಕ್ಷರಸ್ಥೆ ಇದ್ದರು. ಪ್ರವಾದಿಗಳ ಪತ್ನಿ, ಉಮರರ ಮಗಳು ಹಫ್ಸಾಗೆ ಬರೆಯಲು ಕಲಿಸಿದವರು ಅವರೇ. ಮುಂದೆ ಕುರಾನನ್ನು ಒಂದೆಡೆ ಬರೆದಿಟ್ಟ ಹಾಳೆಗಳು ಅಬೂಬಕರರಿಂದ ಉಮರರಿಗೆ, ಉಮರರ ನಂತರ ಇದೇ ಹಫ್ಸಾರ ಕೈಗೆ ಬಂದವು. ಮೂರನೆಯ ಖಲೀಫ ಉಸ್ಮಾನರು 650ರ ಸುಮಾರಿಗೆ ಪ್ರತಿಗಳನ್ನು ಮಾಡಿಸುವಾಗ ಆ ಹಾಳೆಗಳನ್ನು ಅವರಿಂದ ಕೇಳಿ ಪಡೆದು, ಕೆಲಸ ಮುಗಿದ ಮೇಲೆ ಹಿಂದಿರುಗಿಸಿದರು.

ಆಯಿಷಾ ಅವರ ಹೆಸರಿನಲ್ಲಿ 2,210 ಹದೀಸ್‌ಗಳಿವೆ ಎಂಬುದು ವಿದ್ವಾಂಸರ ಎಣಿಕೆ. ಕೇಳಿದ್ದನ್ನು ಒಪ್ಪಿಸುವವರಷ್ಟೇ ಅಲ್ಲ ಅವರು, ತಿದ್ದುವವರೂ ಹೌದು. ಪ್ರಾರ್ಥನೆ ಮಾಡುವವರ ಮುಂದೆ ನಾಯಿ, ಕತ್ತೆ ಅಥವಾ ಹೆಂಗಸು ಹಾದುಹೋದರೆ ಪ್ರಾರ್ಥನೆ ಕೆಡುತ್ತದೆ ಎಂದು ಕೆಲವರು ಹೇಳುತ್ತಿದ್ದುದು ಕಿವಿಗೆ ಬಿದ್ದಾಗ, ನಮ್ಮನ್ನು ನಾಯಿ ಕತ್ತೆಗಳ ಸಾಲಿಗೆ ಸೇರಿಸಿದಿರಾ ಎಂದು ಸಿಡಿದರು. ಪ್ರವಾದಿಗಳು ಪ್ರಾರ್ಥನೆ ಮಾಡುವಾಗ ನಾನು ಅವರೆದುರಿಗೇ ಮಲಗಿರುತ್ತಿದ್ದೆ ಎಂದು ತಾವು ಕಂಡದ್ದನ್ನೇ ಮುಂದಿಟ್ಟರು. ಅವರ ಇಂಥ ತಿದ್ದುಪಡಿಗಳನ್ನೆಲ್ಲ ಕೂಡಿಸಿ 14ನೇ ಶತಮಾನದಲ್ಲಿ ಝರ್ಕಶಿ ಎಂಬ ವಿದ್ವಾಂಸರು ಒಂದು ಪುಸ್ತಕವನ್ನೇ ಮಾಡಿದರು.

ರಾಜಕೀಯದಲ್ಲೂ ಅವರ ಮಾತಿಗೆ ಬೆಲೆ ಇತ್ತು. 628ರ ಹುದೈಬಿಯಾ ಒಪ್ಪಂದದ ವೇಳೆ ಮೆಕ್ಕಾ ಯಾತ್ರೆ ಅರ್ಧಕ್ಕೆ ನಿಂತಿದ್ದರಿಂದ ಬೇಸರಗೊಂಡ ಅನುಯಾಯಿಗಳು, ಪ್ರವಾದಿಗಳು ಮೂರು ಸಲ ಹೇಳಿದರೂ ಏಳಲಿಲ್ಲ. ಆಗ ದಾರಿ ತೋರಿಸಿದವರು ಅದೇ ಉಮ್ಮು ಸಲಮಾ. ಮೊದಲ ಗಂಡ ತೀರಿಕೊಂಡ ಮೇಲೆ ಅವರು ಪ್ರವಾದಿಗಳ ಪತ್ನಿಯಾಗಿದ್ದರು. ಯಾರೊಂದಿಗೂ ಮಾತಾಡದೆ ನೀವೇ ಹೋಗಿ ಬಲಿ ಕೊಟ್ಟು ತಲೆ ಬೋಳಿಸಿಕೊಳ್ಳಿ ಎಂದರು. ಹಾಗೆಯೇ ಮಾಡಿದಾಗ ಉಳಿದವರೆಲ್ಲ ಎದ್ದು ಅನುಸರಿಸಿದರು.

ಎರಡೂ ಕಡೆ ನೋಡಬೇಕು

ಇದನ್ನೆಲ್ಲ ಓದಿ ಆ ಕಾಲ ಹೆಣ್ಣಿಗೆ ಸ್ವರ್ಗವಾಗಿತ್ತು ಎಂದು ತಿಳಿಯಬಾರದು. ಗುಲಾಮಗಿರಿ ಉಳಿದೇ ಇತ್ತು. ಯುದ್ಧದಲ್ಲಿ ಸೆರೆಸಿಕ್ಕ ಹೆಂಗಸರ ಪಾಡು ಬೇರೆಯೇ. ತಲಾಖ್ ಕೊಡುವ ಅಧಿಕಾರ ಗಂಡನ ಕೈಯಲ್ಲಿತ್ತು. ಎಲ್ಲರನ್ನೂ ನ್ಯಾಯವಾಗಿ ನೋಡಿಕೊಂಡರೆ ಎಂಬ ಷರತ್ತಿನ ಮೇಲೆ ಗಂಡಸಿಗೆ ನಾಲ್ಕು ಮದುವೆಯವರೆಗೆ ಅವಕಾಶ ಇತ್ತು. ಮನೆಯ ಯಜಮಾನಿಕೆ ಗಂಡಸಿನದೇ. 656ರಲ್ಲಿ ಬಸ್ರಾ ಬಳಿಯ ಒಂಟೆ ಯುದ್ಧದಲ್ಲಿ ಆಯಿಷಾ ಅವರ ಪಕ್ಷ ಸೋತ ಮೇಲೆ ಆ ಸೋಲನ್ನೇ ತೋರಿಸಿ, ಹೆಂಗಸರಿಗೆ ರಾಜಕಾರಣ ಏಕೆ ಎಂದವರೂ ಇದ್ದರು. ಸಾಮ್ರಾಜ್ಯ ಬೆಳೆದು ಅರಮನೆಗಳು ಎದ್ದ ಮೇಲೆ ಬರೀರಾ, ಖೌಲಾರಂಥವರ ದನಿಗೆ ಜಾಗ ಕಡಿಮೆಯಾಯಿತು.

ಆದರೂ ಆ ದನಿ ಪುಸ್ತಕಗಳಲ್ಲಿ ಉಳಿದುಕೊಂಡಿತು, ಬೇಕಾದಾಗ ತೆಗೆದು ತೋರಿಸಲು. ನಮ್ಮ ದೇಶದಲ್ಲೂ ಮುಸ್ಲಿಂ ಹೆಣ್ಣುಮಕ್ಕಳು ಪ್ರಶ್ನೆ ಕೇಳುವುದನ್ನು ಬಿಟ್ಟಿಲ್ಲ. ಒಂದೇ ಉಸಿರಿನಲ್ಲಿ ಮೂರು ಸಲ ತಲಾಖ್ ಹೇಳುವ ಪದ್ಧತಿಯನ್ನು 2017ರಲ್ಲಿ ಸುಪ್ರೀಂ ಕೋರ್ಟ್ ರದ್ದುಮಾಡಿದ್ದು ಅಂಥ ಹೆಣ್ಣುಮಕ್ಕಳೇ ಕೋರ್ಟಿನ ಮೆಟ್ಟಿಲು ಹತ್ತಿದ್ದರಿಂದ. ಕನ್ನಡದಲ್ಲಿ ಸಾರಾ ಅಬೂಬಕ್ಕರ್ ಮತ್ತು ಬಾನು ಮುಷ್ತಾಕ್ ಮನೆಯೊಳಗಿನ ನೋವನ್ನು ಕಥೆ ಕಾದಂಬರಿ ಮಾಡಿದರು. ಬಾನು ಅವರ ಕಥೆಗಳಿಗೆ ದೀಪಾ ಭಾಸ್ತಿಯವರ ಅನುವಾದದ ಮೂಲಕ 2025ರಲ್ಲಿ ಅಂತರರಾಷ್ಟ್ರೀಯ ಬುಕರ್ ಪ್ರಶಸ್ತಿಯೂ ಬಂತು.

ಕೊನೆಗೆ ಒಂದು ಮಾತು ನಮ್ಮೂರಿನವರಿಗೆ, ಎಲ್ಲ ಜಾತಿ ಧರ್ಮದವರಿಗೂ. ಕಾನೂನಿನಲ್ಲಿ ಪಾಲು ಇದ್ದರೂ ಅಣ್ಣತಮ್ಮಂದಿರ ಮುಖ ನೋಡಿ, ತವರಿನ ಬಾಗಿಲು ಮುಚ್ಚೀತೆಂದು ಹೆದರಿ, ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿ ಬರುವ ಅಕ್ಕತಂಗಿಯರು ಪ್ರತಿ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲೂ ಸಿಗುತ್ತಾರೆ. ಅವರಲ್ಲಿ ಸೀರೆ ಉಟ್ಟವರೂ ಇದ್ದಾರೆ, ಬುರ್ಖಾ ತೊಟ್ಟವರೂ ಇದ್ದಾರೆ. ಹದಿನಾಲ್ಕು ಶತಮಾನಗಳ ಹಿಂದೆ ಇಬ್ಬರು ಹೆಣ್ಣುಮಕ್ಕಳ ಕೈಹಿಡಿದು ಬಂದ ಆ ವಿಧವೆ ಸುಮ್ಮನಿದ್ದಿದ್ದರೆ 24ರಲ್ಲಿ 19 ಪಾಲು ಅವರಿಗೆ ಸಿಗುತ್ತಿರಲಿಲ್ಲ. ಐವತ್ತು ವರ್ಷಗಳಿಂದ ಎಲ್ಲರ ಮಕ್ಕಳನ್ನೂ ಒಂದೇ ಬೆಂಚಿನ ಮೇಲೆ ಕೂರಿಸಿ ಅಕ್ಷರ ಕೊಟ್ಟ ಈ ಸರ್ಕಾರಿ ಪ್ರೌಢಶಾಲೆಯಲ್ಲಿ ಈಗ ಓದುತ್ತಿರುವ ತಂಗಿಯರೇ, ಸಹಿ ಹಾಕುವ ಮೊದಲು ಪತ್ರವನ್ನು ಪೂರ್ತಿ ಓದಿ. ಅರ್ಥವಾಗದಿದ್ದರೆ ಕೇಳಿ. ತಮ್ಮಂದಿರೇ, ಅವರು ಕೇಳಿದಾಗ ಉತ್ತರ ಕೊಡಿ.